ಹಲ್ಲು ಬದಲಾಗುತ್ತಿರುವ ನಾಯಿಮರಿಗೆ ಕಚ್ಚಲು ಏನು ಕೊಟ್ಟರೆ ಅಪಾಯವಿಲ್ಲ?

ಪ್ರಶ್ನೆ: ಜಗುಲಿಮನೆ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಪೇಟೆಯಿಂದ ಬಹಳ ಒಳಗಿರುವ ಒಂಟಿ ಮನೆ. ಎರಡು ತಿಂಗಳ ಹಿಂದೆ ಒಂದು ಹೆಣ್ಣು ನಾಯಿಮರಿಯನ್ನು ತಂದೆವು. ತಾಯಿ ಊರನಾಯಿ, ತಂದೆ ಲ್ಯಾಬ್ರಡಾರ್ ಎಂದು ಕೊಟ್ಟವರು ಹೇಳಿದರು. ಹೆಸರು ಚಿನ್ನಿ. ಈಗ ಅದಕ್ಕೆ ನಾಲ್ಕು ತಿಂಗಳು ತುಂಬಿ ಒಂದು ವಾರವಾಗಿದೆ, ತೂಕ ಸುಮಾರು ಒಂಬತ್ತು ಕಿಲೋ ಇದೆ.

ಕಳೆದ ಹದಿನೈದು ದಿನಗಳಿಂದ ಅದು ಕಚ್ಚದ ವಸ್ತುವಿಲ್ಲ. ಜಗುಲಿಯಲ್ಲಿರುವ ಹಲಸಿನ ಮರದ ಬೆಂಚಿನ ಕಾಲು, ಮಾವನವರ ಮೆಟ್ಟು, ಬಚ್ಚಲೊಲೆಗೆಂದು ಒಟ್ಟಿಟ್ಟ ಸೌದೆ, ಮಗಳ ಶಾಲೆಯ ಚೀಲದ ಪಟ್ಟಿ, ಎಲ್ಲದರ ಮೇಲೂ ಅದರ ಹಲ್ಲಿನ ಗುರುತು ಬಿದ್ದಿದೆ. ಚಿರತೆಯ ಭಯವಿರುವುದರಿಂದ ಕತ್ತಲಾದ ಮೇಲೆ ಮರಿಯನ್ನು ಹೊರಗೆ ಬಿಡುವಂತಿಲ್ಲ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಲಗಿಸುತ್ತೇವೆ, ಅಲ್ಲಿ ಅದು ಬಾಗಿಲಿನ ಚೌಕಟ್ಟನ್ನೇ ಕೆರೆಯುತ್ತದೆ. ಬೈದರೆ ಒಂದು ಕ್ಷಣ ನಮ್ಮ ಮುಖ ನೋಡಿ, ಮತ್ತೆ ಅದೇ ಕೆಲಸ. ಅದರ ವಸಡು ನೋಯುತ್ತಿರಬೇಕು ಎಂದು ತಿಳಿದ ಮೇಲೆ ಬೈಯಲು ನನಗೆ ಮನಸ್ಸು ಬರುತ್ತಿಲ್ಲ.

ಹಿಂದಿನ ವಾರ ಶಿವಮೊಗ್ಗಕ್ಕೆ ಹೋದಾಗ ಅಂಗಡಿಯಿಂದ ಮೂರು ಸಾಮಾನು ತಂದೆ: ಚರ್ಮವನ್ನು ಸುತ್ತಿ ಗಂಟು ಹಾಕಿ ಮಾಡಿದ ಬಿಳಿ ಮೂಳೆ, ಬಣ್ಣದ ದಾರಗಳ ಹಗ್ಗ, ಮತ್ತು ಒತ್ತಿದರೆ ಪೀಪಿಯಂತೆ ಸದ್ದು ಮಾಡುವ ಪ್ಲಾಸ್ಟಿಕ್ ಕೋಳಿ. ಕೋಳಿ ಒಂದೇ ಸಂಜೆಯಲ್ಲಿ ಹರಿದುಹೋಯಿತು. ಒಳಗಿದ್ದ ಪೀಪಿ ಬೆಂಚಿನ ಕೆಳಗೆ ಸಿಕ್ಕಿತು, ಸಿಗದೇ ಹೋಗಿದ್ದರೆ ಅದರ ಹೊಟ್ಟೆಯಲ್ಲಿರುತ್ತಿತ್ತು ಎಂದು ನೆನೆದು ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬಿಳಿ ಮೂಳೆ ಎರಡು ದಿನಗಳಲ್ಲಿ ನೆಂದು ಲೋಳೆಯಾಗಿ, ಒಂದು ತುದಿ ಉದ್ದಕ್ಕೆ ಬಿಚ್ಚಿಕೊಂಡಿದೆ. ಅದನ್ನೂ ಈಗ ಎತ್ತಿಟ್ಟಿದ್ದೇನೆ.

ನಮ್ಮ ಅತ್ತೆಯವರು, ತಾವು ಸಾಕಿದ ನಾಯಿಗಳೆಲ್ಲ ಸಾರಿನ ಮೂಳೆ ತಿಂದೇ ಬೆಳೆದವು, ಆಟಿಕೆಯ ಅಗತ್ಯವೇ ಇಲ್ಲ ಎನ್ನುತ್ತಾರೆ. ಅಟ್ಟದ ಮೇಲೆ ಹಿರಿಯರ ಕಾಲದ ಒಂದು ಜಿಂಕೆಯ ಕೊಂಬಿದೆ. ಮರಿಗಳಿಗೆ ಕೊಂಬು ಒಳ್ಳೆಯದು ಎಂದು ವಿದೇಶದವರು ಬರೆದಿದ್ದನ್ನು ಓದಿದ್ದೇನೆ, ಅದನ್ನು ಕತ್ತರಿಸಿ ಕೊಡಬಹುದೇ? ಪೇಟೆಗೆ ಪದೇಪದೇ ಹೋಗಲಾರದ ನಮ್ಮಂಥವರು ಮನೆಯಲ್ಲೇ ಇರುವ ಯಾವ ವಸ್ತುವನ್ನು ನೆಮ್ಮದಿಯಿಂದ ಕೊಡಬಹುದು? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಹೊಳೆದಂಡೆ, ಸಾಗರ

ಅಕ್ಕ, ಉಳಿದ ಉತ್ತರಗಳು ಬರುವ ಮೊದಲು ಆ ಬಣ್ಣದ ಹಗ್ಗವನ್ನು ಎತ್ತಿಡಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ನನ್ನ ತಮ್ಮನ ಮನೆಯಲ್ಲಿ ಐದು ತಿಂಗಳ ಮರಿಯೊಂದಿತ್ತು. ಅದಕ್ಕೂ ಇಂಥದೇ ಹಗ್ಗ ಕೊಟ್ಟಿದ್ದರು. ಮರಿ ದಿನವೂ ಒಂದೆರಡು ಎಳೆ ಕಿತ್ತು ನುಂಗುತ್ತಿದ್ದುದನ್ನು ಯಾರೂ ಗಮನಿಸಿರಲಿಲ್ಲ, ಏಕೆಂದರೆ ನೋಡುವುದಕ್ಕೆ ಹಗ್ಗ ಹಗ್ಗದಂತೆಯೇ ಇತ್ತು. ಒಂದು ದಿನ ಬೆಳಗಿನಿಂದ ವಾಂತಿ ಶುರುವಾಯಿತು. ಮಾರನೆಯ ದಿನ ನೀರು ಕುಡಿದರೂ ಹೊರಗೆ ಹಾಕುತ್ತಿತ್ತು, ಬೆನ್ನು ಬಿಲ್ಲಿನಂತೆ ಬಾಗಿಸಿ ಮೂಲೆಯಲ್ಲಿ ನಿಲ್ಲುತ್ತಿತ್ತು. ಶಿವಮೊಗ್ಗಕ್ಕೆ ಕರೆದೊಯ್ದಾಗ ಹೊಟ್ಟೆ ಕೊಯ್ದು ನೋಡಬೇಕಾಯಿತು. ದಾರದ ಒಂದು ತುದಿ ಜಠರದಲ್ಲಿ ಸಿಕ್ಕಿಕೊಂಡು, ಇನ್ನೊಂದು ತುದಿ ಕರುಳಿನೊಳಗೆ ಇಳಿದಿತ್ತು. ಕರುಳು ಮುಂದಕ್ಕೆ ತಳ್ಳಲು ಯತ್ನಿಸಿದಷ್ಟೂ ಲಂಗದ ಲಾಡಿ ಎಳೆದಾಗ ಬಟ್ಟೆ ನೆರಿಗೆಗಟ್ಟುವಂತೆ ತಾನೇ ದಾರದ ಮೇಲೆ ನೆರಿಗೆಯಾಗಿ ಕೂಡಿಕೊಂಡಿತ್ತು ಎಂದು ವೈದ್ಯರು ವಿವರಿಸಿದರು. ಇನ್ನೊಂದು ದಿನ ತಡವಾಗಿದ್ದರೆ ದಾರ ಕರುಳನ್ನೇ ಕೊಯ್ದುಬಿಡುತ್ತಿತ್ತಂತೆ. ಮರಿ ಬದುಕಿತು. ಆದರೆ ಆ ಮನೆಯ ಮಕ್ಕಳು ಪಟ್ಟ ಸಂಕಟವನ್ನು ಕಣ್ಣಾರೆ ಕಂಡವನು ನಾನು.

ಆಗ ವೈದ್ಯರು ಹೇಳಿದ ಇನ್ನೊಂದು ಮಾತು ಎಲ್ಲರಿಗೂ ಗೊತ್ತಿರಬೇಕು. ಮರಿಯ ಗುದದ್ವಾರದಲ್ಲಿ ದಾರ ನೇತಾಡುವುದು ಕಂಡರೆ, ಅಥವಾ ನಾಲಿಗೆಯ ಬುಡದಲ್ಲಿ ಸುತ್ತಿಕೊಂಡಿರುವುದು ಕಂಡರೆ, ಅದನ್ನು ಎಳೆಯಲೇಬಾರದು. ಎಳೆದರೆ ಒಳಗೆ ಕರುಳು ಹರಿಯಬಹುದು. ಇದ್ದ ಹಾಗೆಯೇ ಆಸ್ಪತ್ರೆಗೆ ಒಯ್ಯಬೇಕು.

ಉತ್ತರ: ನಿವೃತ್ತ ಪಶುವೈದ್ಯ, ಶಿವಮೊಗ್ಗ

ಸಾಗರದವರು ಸರಿಯಾಗಿ ಹೇಳಿದ್ದಾರೆ. ತಾಯಿ, ನೀವು ಪೀಪಿಯನ್ನು ಹುಡುಕಿ ತೆಗೆದದ್ದು, ಬಿಚ್ಚಿಕೊಂಡ ಚರ್ಮದ ಮೂಳೆಯನ್ನು ಎತ್ತಿಟ್ಟದ್ದು ಎರಡೂ ಒಳ್ಳೆಯ ಕೆಲಸ.

ಮೊದಲು ಮರಿಯ ಬಾಯಿಯೊಳಗೆ ಏನು ನಡೆಯುತ್ತಿದೆ ಎಂಬುದನ್ನು ಹೇಳುತ್ತೇನೆ, ಅದು ತಿಳಿದರೆ ಆಟಿಕೆಯ ಆಯ್ಕೆ ಅರ್ಧ ಸುಲಭವಾಗುತ್ತದೆ. ನಾಯಿಮರಿಗೆ 28 ಹಾಲುಹಲ್ಲುಗಳಿರುತ್ತವೆ, ಬೆಳೆದ ನಾಯಿಗೆ 42. ಮೂರು ತಿಂಗಳು ದಾಟಿದ ಮೇಲೆ ಮುಂದಿನ ಸಣ್ಣ ಬಾಚಿಹಲ್ಲುಗಳು ಮೊದಲು ಉದುರತೊಡಗುತ್ತವೆ. ಐದು ಆರು ತಿಂಗಳ ಹೊತ್ತಿಗೆ ಕೋರೆಹಲ್ಲುಗಳು ಬದಲಾಗುತ್ತವೆ, ಏಳನೆಯ ತಿಂಗಳ ವೇಳೆಗೆ ಹಿಂದಿನ ದವಡೆಹಲ್ಲುಗಳೂ ಬಂದು ಕೆಲಸ ಮುಗಿಯುತ್ತದೆ. ಆದ್ದರಿಂದ ನಿಮ್ಮ ಚಿನ್ನಿಯ ಈ ಕಾಟ ಇನ್ನು ಎರಡೂವರೆ ಮೂರು ತಿಂಗಳು ಇರುತ್ತದೆ. ಹಾಲುಹಲ್ಲು ಸೂಜಿಯಷ್ಟು ಚೂಪಾಗಿದ್ದರೂ ಬಹಳ ತೆಳುವಾದದ್ದು, ಬೇಗ ಮುರಿಯುತ್ತದೆ. ಮುರಿದ ಹಾಲುಹಲ್ಲಿನ ಮೂಲಕ ಸೋಂಕು ಕೆಳಗಿಳಿದರೆ ಅಲ್ಲಿಯೇ ಬೆಳೆಯುತ್ತಿರುವ ಖಾಯಂ ಹಲ್ಲಿನ ಮೊಳಕೆಗೂ ಹಾನಿಯಾಗಬಹುದು. ಹೊಸದಾಗಿ ಬಂದ ಖಾಯಂ ಹಲ್ಲು ಸಹ ಆರಂಭದಲ್ಲಿ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಹೀಗಿರುವಾಗ ಕಲ್ಲಿನಂಥ ವಸ್ತುವನ್ನು ಅದರ ಬಾಯಿಗೆ ಕೊಡುವುದು ತಪ್ಪು.

ಗಡಸುತನವನ್ನು ಅಳೆಯಲು ಯಾವ ಉಪಕರಣವೂ ಬೇಡ. ಹೆಬ್ಬೆರಳಿನ ಉಗುರನ್ನು ಆಟಿಕೆಗೆ ಒತ್ತಿ ನೋಡಿ. ಉಗುರಿಗೆ ಅದು ಸ್ವಲ್ಪವಾದರೂ ತಗ್ಗಬೇಕು. ತಗ್ಗದಿದ್ದರೆ ಅದು ಮರಿಯ ಹಲ್ಲಿಗೆ ಹೆಚ್ಚು ಗಟ್ಟಿ. ಅದೇ ವಸ್ತುವಿನಿಂದ ನಿಮ್ಮ ಮೊಣಕಾಲಿನ ಚಿಪ್ಪಿಗೆ ಹೊಡೆದುಕೊಳ್ಳಲು ನಿಮಗೆ ಹೆದರಿಕೆಯಾಗುವುದಾದರೆ, ಆಗಲೂ ಅದು ಬೇಡ. ಈ ಎರಡು ಪರೀಕ್ಷೆಗಳನ್ನು ನಾನು ವೃತ್ತಿಯಲ್ಲಿದ್ದಷ್ಟು ಕಾಲ ಜನರಿಗೆ ಹೇಳಿಕೊಡುತ್ತಾ ಬಂದಿದ್ದೇನೆ.

ಜಿಂಕೆಯ ಕೊಂಬು, ದನದ ಗೊರಸು, ಎಮ್ಮೆಯ ಕೊಂಬು, ಈಗ ಎಲ್ಲ ಕಡೆ ಸಿಗುವ ಹಿಮಾಲಯದ ಒಣಗಿಣ್ಣಿನ ಗಟ್ಟಿ ತುಂಡು, ಇವು ಯಾವುವೂ ಆ ಪರೀಕ್ಷೆಯಲ್ಲಿ ಗೆಲ್ಲುವುದಿಲ್ಲ. ಇಂಥವನ್ನು ಕಡಿದ ನಾಯಿಗಳಲ್ಲಿ ಮೇಲ್ದವಡೆಯ ದೊಡ್ಡ ಹಲ್ಲಿನ ಹೊರಮೈ ಸೌದೆ ಸೀಳಿದಂತೆ ಚಕ್ಕೆಯಾಗಿ ಎದ್ದುಬರುವುದನ್ನು ನಾನು ಅನೇಕ ಸಲ ನೋಡಿದ್ದೇನೆ. ಆ ನೋವನ್ನು ನಾಯಿ ಹೇಳಿಕೊಳ್ಳುವುದಿಲ್ಲ, ಒಂದೇ ಮಗ್ಗುಲಲ್ಲಿ ಅಗಿಯಲು ಆರಂಭಿಸುತ್ತದೆ ಅಷ್ಟೆ. ಜಿಂಕೆಯ ಕೊಂಬಿನ ವಿಷಯದಲ್ಲಿ ಇನ್ನೊಂದು ಮಾತೂ ಇದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕಡವೆಗಳ ಕೊಂಬನ್ನು ಮಾರುವುದು, ಕೊಳ್ಳುವುದು ಅಪರಾಧ, ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಅರಣ್ಯ ಇಲಾಖೆಯ ಪ್ರಮಾಣಪತ್ರ ಬೇಕು. ಅಟ್ಟದ ಮೇಲಿರುವುದಕ್ಕೆ ಅಂಥ ಕಾಗದವಿದೆಯೇ ಎಂದು ಹಿರಿಯರಲ್ಲಿ ವಿಚಾರಿಸಿ. ವಿದೇಶದವರ ಸಲಹೆ ಅವರ ದೇಶದ ಕಾನೂನಿಗೆ ತಕ್ಕದ್ದು.

ನಿಮ್ಮ ಅತ್ತೆಯವರ ಮಾತಿಗೆ ಗೌರವವಿಟ್ಟೇ ಹೇಳುತ್ತೇನೆ. ಬೇಯಿಸಿದ ಮೂಳೆಯಲ್ಲಿ ತೇವ ಹೋಗಿ ಅದು ಪೆಡಸಾಗಿರುತ್ತದೆ, ಕಚ್ಚಿದರೆ ಚೂಪು ಚೂಪಾದ ಸಿಬಿರಾಗಿ ಒಡೆಯುತ್ತದೆ. ಕೋಳಿಯ ಮೂಳೆಯಂತೂ ಇನ್ನೂ ಬೇಗ ಸೀಳುತ್ತದೆ. ಆ ಸಿಬಿರು ಗಂಟಲಿಗೆ, ಕರುಳಿಗೆ ಚುಚ್ಚಿಕೊಳ್ಳಬಹುದು, ಪುಡಿಯಾದ ಮೂಳೆ ಗಟ್ಟಿಯಾಗಿ ಮಲ ಕಟ್ಟಿಸಬಹುದು. ಹಿಂದೆ ಊರಿನ ನಾಯಿಗಳು ಮೂಳೆ ತಿಂದು ಬದುಕಿದವು ಎಂಬುದು ನಿಜ. ತಿಂದು ಸತ್ತವುಗಳ ಕಾರಣವನ್ನು ಆಗ ಯಾರೂ ಹೊಟ್ಟೆ ಕೊಯ್ದು ನೋಡುತ್ತಿರಲಿಲ್ಲ. ಬಿಳಿ ಚರ್ಮದ ಮೂಳೆಯೂ ಬೇಡ. ಅದು ನೆಂದು ಉಬ್ಬುತ್ತದೆ, ಮರಿ ಅವಸರದಲ್ಲಿ ನುಂಗಿದ ತುಂಡು ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳುತ್ತದೆ, ಮತ್ತು ಸುಲಭವಾಗಿ ಜೀರ್ಣವಾಗುವುದಿಲ್ಲ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ನನ್ನ ಮೊದಲ ಆಯ್ಕೆ ಒಳಗೆ ಟೊಳ್ಳಾಗಿರುವ ದಪ್ಪ ರಬ್ಬರಿನ ಆಟಿಕೆ. ಕಾಂಗ್ ಎಂಬ ಹೆಸರಿನದು ಬಹಳ ಹಳೆಯದು. 1970ರ ದಶಕದಲ್ಲಿ ಅಮೆರಿಕದ ಕೊಲರಾಡೋದಲ್ಲಿ ಜೋ ಮಾರ್ಖಮ್ ಎಂಬುವರ ನಾಯಿ ಕಲ್ಲು ಕಡಿದು ಹಲ್ಲು ಸವೆಸಿಕೊಳ್ಳುತ್ತಿತ್ತು. ಅವರು ಫೋಕ್ಸ್‌ವ್ಯಾಗನ್ ವ್ಯಾನು ರಿಪೇರಿ ಮಾಡುತ್ತಿದ್ದಾಗ ಅದರ ಒಂದು ರಬ್ಬರ್ ಭಾಗವನ್ನು ನಾಯಿ ಕಲ್ಲಿಗಿಂತ ಹೆಚ್ಚು ಇಷ್ಟಪಟ್ಟಿತು, ಆ ಆಟಿಕೆ ಹುಟ್ಟಿದ್ದು ಹಾಗೆ. ಅದರಲ್ಲಿ ಮರಿಗಳಿಗೆಂದೇ ಮೆತ್ತನೆಯ ರಬ್ಬರಿನದು ಬೇರೆ ಬರುತ್ತದೆ, ನೀವು ಕೇಳಬೇಕಾದದ್ದು ಅದನ್ನೇ. ಬೇರೆ ತಯಾರಕರದಾದರೂ ಅಡ್ಡಿಯಿಲ್ಲ, ಉಗುರಿನ ಪರೀಕ್ಷೆ ಮಾಡಿ ಕೊಳ್ಳಿ. ಟೊಳ್ಳು ಆಟಿಕೆಗೆ ಎರಡು ಕಡೆಯೂ ರಂಧ್ರವಿರಲೇಬೇಕು. ಒಂದೇ ರಂಧ್ರವಿದ್ದರೆ ಮರಿ ಒಳಗೆ ನೆಕ್ಕುವಾಗ ಗಾಳಿ ಹೊರಗೆ ಹೋಗಿ ನಾಲಿಗೆ ಒಳಗೇ ಬಿಗಿದುಕೊಂಡು, ರಕ್ತಸಂಚಾರ ನಿಂತು ನಾಲಿಗೆಯನ್ನೇ ಕಳೆದುಕೊಳ್ಳುವ ಸಂಭವವಿದೆ.

ಗಾತ್ರದ ವಿಷಯ. ಆಟಿಕೆ ಮರಿಯ ಬಾಯಿಯೊಳಗೆ ಪೂರ್ತಿ ಹೋಗುವಂತಿರಬಾರದು, ಹಿಂದಿನ ದವಡೆಹಲ್ಲುಗಳನ್ನು ದಾಟುವಂತೆಯಂತೂ ಇರಲೇಬಾರದು. ನಿಮ್ಮದು ತಿಂಗಳಿಗೆ ಎರಡು ಮೂರು ಕಿಲೋ ಬೆಳೆಯುವ ಜಾತಿ. ಇಂದು ಸರಿಯಾಗಿರುವ ಚೆಂಡು ಮುಂದಿನ ತಿಂಗಳು ಗಂಟಲಿಗೆ ಅಡ್ಡವಾಗುವಷ್ಟು ಚಿಕ್ಕದಾಗುತ್ತದೆ. ಕೊಳ್ಳುವಾಗಲೇ ಒಂದು ಅಳತೆ ದೊಡ್ಡದನ್ನು ಕೊಳ್ಳಿ. ಟೆನಿಸ್ ಚೆಂಡನ್ನು ಎಸೆದು ತರಿಸುವ ಆಟಕ್ಕೆ ಬಳಸಬಹುದು, ಕೂತು ಅಗಿಯಲು ಕೊಡಬೇಡಿ. ಅದರ ಮೇಲಿನ ನಾರು ಮಣ್ಣು ಹಿಡಿದು ಉಪ್ಪುಕಾಗದದಂತೆ ಹಲ್ಲನ್ನು ತೇಯುತ್ತದೆ.

ಐಎಸ್‌ಐ ಗುರುತು ನೋಡಿ ಕೊಳ್ಳಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. 2021ರ ಜನವರಿಯಿಂದ ಆ ಗುರುತು ಕಡ್ಡಾಯವಾಗಿರುವುದು 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ. ನಾಯಿಯ ಆಟಿಕೆ ಅದರಡಿ ಬರುವುದಿಲ್ಲ. ಆದ್ದರಿಂದ ನೀವೇ ಪರೀಕ್ಷಕರಾಗಬೇಕು. ತೀವ್ರವಾದ ರಾಸಾಯನಿಕ ವಾಸನೆ ಬರುವುದನ್ನು ಬಿಡಿ. ಒದ್ದೆಯಾದ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಬಿಡುವುದನ್ನೂ ಬಿಡಿ. ಗುಂಡಿಯ ಕಣ್ಣು, ಹೊಲಿದ ಮೂಗು, ರಿಬ್ಬನ್ನು ಇರುವ, ಒಳಗೆ ಹತ್ತಿ ತುಂಬಿದ ಗೊಂಬೆಯನ್ನೂ ಬಿಡಿ, ಮರಿ ಮೊದಲು ಕೀಳುವುದೇ ಆ ಭಾಗಗಳನ್ನು. ಕೊಂಡ ಮೇಲೂ ವಾರಕ್ಕೊಮ್ಮೆ ಬೆಳಕಿನಲ್ಲಿ ತಿರುಗಿಸಿ ನೋಡಿ. ಬಿರುಕು ಬಿಟ್ಟು ಒಂದು ಚೂರು ಕಾಣೆಯಾಗಿದ್ದರೂ ಆಟಿಕೆಯನ್ನು ಎಸೆಯಬೇಕು, ಹಣ ಕೊಟ್ಟದ್ದೆಂದು ಉಳಿಸಿಕೊಳ್ಳಬಾರದು.

ಉತ್ತರ: ತೋಟದವರು, ಕೊಪ್ಪ

ಡಾಕ್ಟರು ಅಂಗಡಿಯ ಆಟಿಕೆಗಳ ವಿಷಯವನ್ನು ಪೂರ್ತಿ ಹೇಳಿದ್ದಾರೆ. ಆದರೆ ಪ್ರಶ್ನೆ ಕೇಳಿದವರ ಮನೆ ಅಡಿಕೆ ತೋಟದ ನಡುವೆ ಇರಬಹುದೆಂದು ಊಹಿಸಿ ನಾನು ಬರೆಯುತ್ತಿದ್ದೇನೆ. ನಮ್ಮ ಕಡೆ ಮರಿಗೆ ಅಂಗಡಿಯಿಂದ ತಂದದ್ದಕ್ಕಿಂತ ಅಂಗಳದಲ್ಲಿ ಬಿದ್ದದ್ದೇ ಮೊದಲ ಆಟಿಕೆ, ಅಪಾಯ ಹೆಚ್ಚಿರುವುದೂ ಅಲ್ಲಿಯೇ.

ಅಡಿಕೆ ನಾಯಿಗೆ ಆಗುವುದಿಲ್ಲ. ಅದರಲ್ಲಿರುವ ಅರೆಕೋಲಿನ್ ಎಂಬ ಸತ್ವ ನಾಯಿಯ ಮೈಗೆ ಏರಿದರೆ ಬಾಯಿಯಲ್ಲಿ ಜೊಲ್ಲು ಸುರಿಯುತ್ತದೆ, ವಾಂತಿ ಭೇದಿಯಾಗುತ್ತದೆ, ಹೆಚ್ಚಾದರೆ ಮೈ ನಡುಗಿ ಉಸಿರಾಟಕ್ಕೂ ಕಷ್ಟವಾಗುತ್ತದೆ. ಹಿಂದೆ ನಾಯಿಗಳ ಲಾಡಿಹುಳುವನ್ನು ಹೊರಹಾಕಲು ಇದೇ ಅರೆಕೋಲಿನ್ನನ್ನು ಅಳತೆ ಮಾಡಿ ಔಷಧವಾಗಿ ಕೊಡುತ್ತಿದ್ದರು, ಬಲವಾದ ವಸ್ತುವೆಂಬುದಕ್ಕೆ ಅದೇ ಸಾಕ್ಷಿ. ಸುಗ್ಗಿಯಲ್ಲಿ ಸುಲಿಯುವಾಗ ಅಂಗಳದ ತುಂಬ ಹಸಿ ಅಡಿಕೆ ಉರುಳಾಡುತ್ತದೆ, ಬೇಯಿಸಿದ್ದನ್ನು ಒಣಗಲು ಹರವಿರುತ್ತೇವೆ. ವಸಡು ಕೆರೆಯುವ ಮರಿಗೆ ಚೆಂಡಿನಂತೆ ಉರುಳುವ, ಸಿಪ್ಪೆ ಮೆತ್ತಗಿರುವ ಹಣ್ಣಡಿಕೆಗಿಂತ ಆಕರ್ಷಕವಾದದ್ದು ಇನ್ನೊಂದಿಲ್ಲ. ಸತ್ವದ ಮಾತು ಹಾಗಿರಲಿ, ಇಡೀ ಅಡಿಕೆ ಗಂಟಲಿಗೆ ಸಿಕ್ಕಿಕೊಳ್ಳುವ ಅಳತೆಯದು.

ಇನ್ನೊಂದು ಹಾಳೆಯ ವಿಷಯ. ಅಡಿಕೆ ಹಾಳೆ ಮೆತ್ತಗಿದೆ, ಸಹಜವಾದದ್ದು, ಮರಿ ಎಳೆದಾಡಲಿ ಎಂದು ನಾವೂ ಬಿಟ್ಟಿದ್ದೆವು. ಕೊಳೆ ಔಷಧಿ ಹೊಡೆದ ತೋಟದ ಹಾಳೆ ಎಂದರೆ ಬೋರ್ಡೋ ದ್ರಾವಣ ಮೆತ್ತಿಕೊಂಡ ಹಾಳೆ ಎಂಬುದು ಆಗ ನಮಗೆ ಹೊಳೆದಿರಲಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿ ಕದಡಿದ ಆ ದ್ರಾವಣ ಮಳೆಯಲ್ಲೂ ತೊಳೆದುಹೋಗದಂತೆ ಅಂಟಿಕೊಳ್ಳಲೆಂದೇ ಮಾಡಿದ್ದು. ಮೈಲುತುತ್ತ ಹೊಟ್ಟೆಗೆ ಹೋದರೆ ಕರುಳು ಸುಡುತ್ತದೆ, ಯಕೃತ್ತಿಗೆ ಏಟು ಬೀಳುತ್ತದೆ. ನಮ್ಮ ಮರಿ ಒಂದು ದಿನ ನೀಲಿ ಮಿಶ್ರಿತ ವಾಂತಿ ಮಾಡಿಕೊಂಡಿತು. ವೈದ್ಯರಿಗೆ ತೋರಿಸಿ, ಎರಡು ದಿನ ಉಪಚಾರ ಮಾಡಿದ ಮೇಲೆ ಚೇತರಿಸಿಕೊಂಡಿತು. ಅಂದಿನಿಂದ ಔಷಧಿ ಕದಡುವ ಪೀಪಾಯಿ, ಪೈಪು, ಬಿದ್ದ ಹಾಳೆ ಯಾವುದೂ ಅದರ ಬಾಯಿಗೆ ಎಟುಕದಂತೆ ನೋಡಿಕೊಳ್ಳುತ್ತಿದ್ದೇವೆ. ಔಷಧಿ ಹೊಡೆಯದ ಹಾಳೆಯೂ ಉದ್ದುದ್ದ ನಾರಾಗಿ ಸೀಳುವುದರಿಂದ ಸಾಗರದವರು ಹೇಳಿದ ದಾರದ ಕಥೆಯೇ ಅಲ್ಲಿಯೂ ಆಗಬಹುದು. ತೆಂಗಿನ ಸಿಪ್ಪೆಗೂ ಇದೇ ಮಾತು. ಬಿದಿರಿನ ತುಂಡು ಸಿಬಿರೇಳುತ್ತದೆ, ಮಾವಿನ ಗೊರಟು ಕರುಳಿಗೆ ಬಿರಡೆಯಂತೆ ಕೂರುತ್ತದೆ. ಕಣಗಿಲೆ ಗಿಡದ ಕಡ್ಡಿಯಂತೂ ಹೃದಯಕ್ಕೇ ವಿಷ, ಬೇಲಿಯಲ್ಲಿದ್ದರೆ ಮರಿ ಅತ್ತ ಹೋಗದಂತೆ ನೋಡಿಕೊಳ್ಳಿ.

ಜಗುಲಿಮನೆ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ಮನಸಾರೆ ವಂದನೆಗಳು. ಓದುತ್ತಾ ಓದುತ್ತಾ ಎದ್ದುಹೋಗಿ ಅಂಗಳ ಗುಡಿಸಿ ಬಂದೆ. ನಮ್ಮದು ಅಡಿಕೆ ತೋಟದ ಮನೆಯೇ ಹೌದು. ಚಿನ್ನಿ ಮಲಗುವ ಗೋಣಿಚೀಲದ ಕೆಳಗೆ ಕಚ್ಚಿದ ಗುರುತಿರುವ ಎರಡು ಗೋಟಡಿಕೆಗಳು ಸಿಕ್ಕಿದವು. ಹಗ್ಗವನ್ನು ಒಲೆಗೆ ಹಾಕಿದ್ದೇನೆ. ಡಾಕ್ಟರ ಮಾತನ್ನು ಅತ್ತೆಯವರಿಗೆ ಓದಿ ಹೇಳಿದೆ, ಅವರು ಏನೂ ಹೇಳದೆ ಮೂಳೆಯನ್ನು ತೋಟದಲ್ಲಿ ಹೂಳಿಸಿದರು.

ಡಾಕ್ಟರೇ, ಇನ್ನು ಕೆಲವು ಸಂದೇಹಗಳಿವೆ. ನಿನ್ನೆ ಅದು ಕಚ್ಚುತ್ತಿದ್ದ ಬಟ್ಟೆಯ ಮೇಲೆ ಸ್ವಲ್ಪ ರಕ್ತ ಕಂಡಿತು. ಬಾಯಿ ತೆರೆದು ನೋಡಿದರೆ ಮುಂದೆ ಒಂದು ಹಲ್ಲು ಇರಲಿಲ್ಲ, ನೆಲದ ಮೇಲೆ ಹುಡುಕಿದರೂ ಸಿಗಲಿಲ್ಲ. ನುಂಗಿದ್ದರೆ ತೊಂದರೆಯೇ? ನೋವಿಗೆ ಲವಂಗದ ಎಣ್ಣೆ ಹಚ್ಚಬಹುದೇ, ಅಥವಾ ಮಕ್ಕಳ ನೋವಿನ ಸಿರಪ್ಪಿನಲ್ಲಿ ಕಾಲು ಭಾಗ ಕೊಡಬಹುದೇ? ಐದು ವರ್ಷದ ಮಗಳ ಕೈಯನ್ನು ಆಟದಲ್ಲಿ ಕಚ್ಚುತ್ತದೆ, ಮೊನ್ನೆ ಒಂದು ಸಣ್ಣ ಗೀರು ಬಿದ್ದಿದೆ. ಇದಕ್ಕೆ ಏನು ಮಾಡಬೇಕು?

ನಿವೃತ್ತ ಪಶುವೈದ್ಯ, ಶಿವಮೊಗ್ಗ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದಕ್ಕೆ ತಡ ಮಾಡುವಂತಿಲ್ಲ. ಚರ್ಮ ಗೀರಿ ರಕ್ತ ಕಂಡಿದ್ದರೆ, ಮರಿ ಎಷ್ಟೇ ಮುದ್ದಾಗಿದ್ದರೂ, ಮಗುವನ್ನು ಇಂದೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ತೋರಿಸಿ. ಇನ್ನು ಮುಂದೆ ಹೀಗಾದಾಗ ಮೊದಲು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು, ಅರಿಶಿನ, ಸುಣ್ಣ ಏನನ್ನೂ ಮೆತ್ತಬಾರದು. ಚಿನ್ನಿಗೆ ಮೂರು ತಿಂಗಳು ತುಂಬಿರುವುದರಿಂದ ರೇಬೀಸ್ ಲಸಿಕೆ ಆಗಿರಬೇಕು, ಆಗಿಲ್ಲವಾದರೆ ಈ ವಾರವೇ ಹಾಕಿಸಿ. ಲಸಿಕೆಯಾಗಿದ್ದರೂ ಮಗುವಿನ ವಿಷಯವನ್ನು ವೈದ್ಯರೇ ತೀರ್ಮಾನಿಸಲಿ.

ಉದುರಿದ ಹಾಲುಹಲ್ಲನ್ನು ಮರಿಗಳು ಸಾಮಾನ್ಯವಾಗಿ ನುಂಗಿಯೇಬಿಡುತ್ತವೆ, ಅದರಿಂದ ತೊಂದರೆಯಿಲ್ಲ. ಆಟಿಕೆಯ ಮೇಲೆ ಒಂದೆರಡು ಹನಿ ರಕ್ತ ಕಂಡರೆ ಗಾಬರಿಯಾಗಬೇಡಿ. ಆದರೆ ಹಳೆಯ ಕೋರೆಹಲ್ಲು ಬೀಳದೆ ಅದರ ಪಕ್ಕದಲ್ಲೇ ಹೊಸ ಕೋರೆಹಲ್ಲು ಬಂದು ಜೋಡಿಯಾಗಿ ನಿಂತರೆ ತೋರಿಸಬೇಕು. ಸಣ್ಣ ಜಾತಿಯ ನಾಯಿಗಳಲ್ಲಿ ಇದು ಹೆಚ್ಚು.

ಲವಂಗದ ಎಣ್ಣೆ ಬೇಡ, ಅದು ವಸಡನ್ನು ಇನ್ನಷ್ಟು ಉರಿಸುತ್ತದೆ. ಮನುಷ್ಯರ ನೋವಿನ ಔಷಧವನ್ನು ಕಾಲು ಭಾಗವಲ್ಲ, ಒಂದು ಹನಿಯೂ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎರಡೂ ನಾಯಿಗೆ ವಿಷವಾಗಬಲ್ಲವು. ತಣ್ಣನೆಯ ವಸ್ತುವೇ ಈ ನೋವಿಗೆ ಒಳ್ಳೆಯ ಮದ್ದು. ಗಟ್ಟಿ ಮಂಜುಗಡ್ಡೆಯನ್ನು ಕಡಿಯಲು ಕೊಡಬಾರದು, ಹಲ್ಲು ಮುರಿಯುತ್ತದೆ. ದಪ್ಪನೆಯ ಹತ್ತಿಯ ಟವೆಲನ್ನು ನೀರಿನಲ್ಲಿ ಅದ್ದಿ, ಹಿಂಡಿ, ತಿರುಚಿ ಫ್ರೀಜರಿನಲ್ಲಿ ಇಟ್ಟು, ನೀವು ಪಕ್ಕದಲ್ಲಿ ಕೂತು ಹತ್ತು ನಿಮಿಷ ಕಚ್ಚಲು ಬಿಡಿ. ಮೆತ್ತಗಾದ ಕೂಡಲೇ ವಾಪಸು ಪಡೆಯಿರಿ, ಏಕೆಂದರೆ ಆ ಮೇಲೆ ಅದು ಬರೀ ಬಟ್ಟೆ, ದಾರ ಕಿತ್ತುಬರುತ್ತದೆ.

ಏನನ್ನಾದರೂ ನುಂಗಿದೆ ಎಂಬ ಅನುಮಾನ ಬಂದರೆ ವಾಂತಿ ಮಾಡಿಸಲು ಉಪ್ಪುನೀರು ಕುಡಿಸುವ ರೂಢಿ ನಮ್ಮ ಕಡೆ ಇದೆ. ಅದನ್ನು ಖಂಡಿತ ಮಾಡಬೇಡಿ. ಸಣ್ಣ ಮರಿಯ ರಕ್ತದಲ್ಲಿ ಉಪ್ಪಿನ ಅಂಶ ಏರಿ ಸೆಳೆತ ಬಂದು ಪ್ರಾಣಕ್ಕೇ ಅಪಾಯವಾಗಬಹುದು, ಚೂಪಾದ ವಸ್ತುವಾಗಿದ್ದರೆ ಮೇಲೆ ಬರುವಾಗ ಎರಡನೆಯ ಸಲ ಗಾಯ ಮಾಡುತ್ತದೆ. ಪದೇಪದೇ ವಾಂತಿ, ಊಟ ಬಿಡುವುದು, ಹೊಟ್ಟೆ ಮುಟ್ಟಿದರೆ ನರಳುವುದು, ಮಲವಾಗದಿರುವುದು ಕಂಡರೆ ಕಾಯದೆ ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ಯಿರಿ. ಶಸ್ತ್ರಚಿಕಿತ್ಸೆ ಬೇಕಾದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕಳುಹಿಸುತ್ತಾರೆ.

ಉತ್ತರ: ಮಳೆಗಾಲ, ಹೊಸನಗರ

ನಮ್ಮ ಮನೆಯಲ್ಲಿ ಎರಡು ಮರಿಗಳನ್ನು ಈ ವಯಸ್ಸು ದಾಟಿಸಿದ್ದೇನೆ, ಎರಡೂ ಜೂನ್ ಜುಲೈ ತಿಂಗಳಿನಲ್ಲಿಯೇ. ಮನೆಯಲ್ಲಿರುವುದರಿಂದ ಏನು ಮಾಡಬಹುದು ಎಂದು ನೀವು ಕೇಳಿದ್ದಿರಿ, ಅದಕ್ಕೆ ನನ್ನ ಅನುಭವ ಬರೆಯುತ್ತೇನೆ.

ಟೊಳ್ಳು ರಬ್ಬರಿನ ಆಟಿಕೆಯ ಒಂದು ರಂಧ್ರವನ್ನು ಸೌತೆಕಾಯಿಯ ತುಂಡಿನಿಂದ ಮುಚ್ಚಿ, ಒಳಗೆ ಉಪ್ಪು ಹಾಕದ ಕುಚ್ಚಲಕ್ಕಿ ಗಂಜಿಯನ್ನು ಸ್ವಲ್ಪ ಮಜ್ಜಿಗೆಯೊಂದಿಗೆ ತುಂಬಿ, ರಾತ್ರಿ ಫ್ರೀಜರಿನಲ್ಲಿ ಇಡುತ್ತಿದ್ದೆ. ಬೆಳಿಗ್ಗೆ ಕೊಟ್ಟಿಗೆಯ ಕೆಲಸಕ್ಕೆ ಹೋಗುವಾಗ ಕೊಟ್ಟರೆ ಮುಕ್ಕಾಲು ಗಂಟೆ ಮರಿ ಅದರಲ್ಲೇ ಮಗ್ನವಾಗಿರುತ್ತಿತ್ತು. ಬೇಯಿಸಿ ಕಿವುಚಿದ ಗೆಣಸು, ಸಿಹಿಗುಂಬಳ ಕೂಡ ಚೆನ್ನಾಗಿ ಹೆಪ್ಪುಗಟ್ಟುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರಿನ ಅನ್ನವನ್ನು ಮಾತ್ರ ತುಂಬಬಾರದು, ಅವು ನಾಯಿಯ ರಕ್ತವನ್ನು ಕೆಡಿಸುತ್ತವೆ. ಅಂಗಡಿಯ ಕಡಲೆಕಾಯಿ ಬೆಣ್ಣೆ ಬಳಸುವವರು ಡಬ್ಬಿಯ ಮೇಲೆ ಕ್ಸೈಲಿಟಾಲ್ ಎಂಬ ಹೆಸರಿದೆಯೇ ಎಂದು ಓದಬೇಕು. ಆ ಸಿಹಿ ಪದಾರ್ಥ ಸ್ವಲ್ಪವೇ ಹೋದರೂ ನಾಯಿಯ ರಕ್ತದ ಸಕ್ಕರೆ ಒಮ್ಮೆಲೇ ಕುಸಿಯುತ್ತದೆ. ಕ್ಯಾರೆಟ್ಟನ್ನು ಇಡಿಯಾಗಿ, ದಪ್ಪನೆಯದನ್ನು ತಣ್ಣಗೆ ಮಾಡಿ ಕೊಡಿ. ತುಂಡು ಚಿಕ್ಕದಾದಾಗ ಹಿಂದಕ್ಕೆ ತೆಗೆದುಕೊಳ್ಳಿ.

ನಮ್ಮ ಮಳೆಗಾಲದಲ್ಲಿ ಬಟ್ಟೆಯ ಆಟಿಕೆ ವಾರಗಟ್ಟಲೆ ಒಣಗುವುದಿಲ್ಲ, ಬೂಸ್ಟು ಹಿಡಿದು ವಾಸನೆ ಬರುತ್ತದೆ. ಅದನ್ನೇ ಮರಿ ಬಾಯಲ್ಲಿಟ್ಟುಕೊಳ್ಳುತ್ತದೆ. ಆದ್ದರಿಂದ ಜೂನಿನಿಂದ ಸೆಪ್ಟೆಂಬರಿನವರೆಗೆ ನಾನು ಬಟ್ಟೆಯದನ್ನು ಕೊಡುವುದನ್ನೇ ನಿಲ್ಲಿಸಿದೆ. ರಬ್ಬರಿನದನ್ನು ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು, ಒಳಗಿನ ಅಗುಳು ಹೋಗುವಂತೆ ಬಾಟಲಿ ಉಜ್ಜುವ ಬ್ರಷ್ಷಿನಿಂದ ಉಜ್ಜಿ, ನೀರು ಬಸಿಯಲು ಬೋರಲು ಹಾಕುತ್ತಿದ್ದೆ. ಬಚ್ಚಲೊಲೆಯ ಮೇಲೆ ಬಟ್ಟೆ ಒಣಗಿಸುವ ಅಭ್ಯಾಸದಲ್ಲಿ ಒಮ್ಮೆ ರಬ್ಬರಿನದನ್ನೂ ಇಟ್ಟೆ. ಶಾಖಕ್ಕೆ ಅದು ಬಿರುಕು ಬಿಟ್ಟು ಹಾಳಾಯಿತು, ನೀವು ಹಾಗೆ ಮಾಡಬೇಡಿ.

ಮಾವನವರ ಹಳೆಯ ಮೆಟ್ಟನ್ನು ಕೊಟ್ಟುಬಿಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹಳೆಯದು, ಹೊಸದು ಎಂಬ ಭೇದ ಮರಿಗೆ ತಿಳಿಯುವುದಿಲ್ಲ. ನಾಳೆ ಬಾಗಿಲಲ್ಲಿ ಬಿಟ್ಟ ನೆಂಟರ ಚಪ್ಪಲಿಯೂ ಅದಕ್ಕೆ ಆಟಿಕೆಯೇ. ಕಚ್ಚಬಾರದ್ದನ್ನು ಹಿಡಿದಾಗ ಬೆನ್ನಟ್ಟಬೇಡಿ. ಬೆನ್ನಟ್ಟಿದರೆ ಅದು ಆಟವೆಂದು ತಿಳಿಯುತ್ತದೆ, ಇಲ್ಲವೇ ಅವಸರದಲ್ಲಿ ನುಂಗುತ್ತದೆ. ಕೈಯಲ್ಲಿ ಅದರ ಸ್ವಂತ ಆಟಿಕೆಯನ್ನು ಹಿಡಿದು ಹತ್ತಿರ ಕೂತು, ಬಾಯಲ್ಲಿದ್ದುದನ್ನು ಬಿಟ್ಟ ಕ್ಷಣ ಇದನ್ನು ಕೊಡಿ. ನಾಲ್ಕು ಆಟಿಕೆಗಳಿದ್ದರೆ ಎರಡನ್ನು ಮಾತ್ರ ಹೊರಗಿಟ್ಟು, ಮೂರು ದಿನಕ್ಕೊಮ್ಮೆ ಬದಲಾಯಿಸಿ. ಮರಳಿ ಬಂದದ್ದನ್ನು ಹೊಸತರಂತೆ ಸ್ವಾಗತಿಸುತ್ತದೆ.

ಜಗುಲಿಮನೆ, ತೀರ್ಥಹಳ್ಳಿ ತಾಲ್ಲೂಕು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಮಗಳನ್ನು ಅದೇ ದಿನ ಆಸ್ಪತ್ರೆಗೆ ಕರೆದೊಯ್ದೆವು, ಚುಚ್ಚುಮದ್ದುಗಳನ್ನು ಹೇಳಿದ ದಿನಗಳಂದು ತಪ್ಪದೆ ಹಾಕಿಸುತ್ತಿದ್ದೇವೆ. ಚಿನ್ನಿಗೂ ಲಸಿಕೆಯಾಯಿತು. ಶಿವಮೊಗ್ಗದಿಂದ ಮರಿಗಳ ಮೆತ್ತನೆಯ ರಬ್ಬರಿನ ಆಟಿಕೆ ಎರಡು ತರಿಸಿದೆ. ಅಂಗಡಿಯವರು ಕೊಟ್ಟ ಮೊದಲನೆಯದಕ್ಕೆ ಒಂದೇ ರಂಧ್ರವಿದ್ದುದರಿಂದ ನಮ್ಮ ಯಜಮಾನರು ಅಲ್ಲಿಯೇ ಬದಲಾಯಿಸಿಕೊಂಡು ಬಂದರು. ಅರಣ್ಯ ಇಲಾಖೆಯ ಕಾಗದಕ್ಕಾಗಿ ಮಾವನವರು ಹಳೆಯ ಪೆಟ್ಟಿಗೆಯನ್ನು ಹುಡುಕುತ್ತಿದ್ದಾರೆ.

ಗಂಜಿ ತುಂಬುವ ಕೆಲಸವನ್ನು ಈಗ ಅತ್ತೆಯವರೇ ವಹಿಸಿಕೊಂಡಿದ್ದಾರೆ. ಕುಚ್ಚಲಕ್ಕಿಗಿಂತ ರಾಗಿ ಅಂಬಲಿ ಚೆನ್ನಾಗಿ ಗಟ್ಟಿಯಾಗುತ್ತದೆ ಎಂಬುದು ಅವರು ಕಂಡುಕೊಂಡದ್ದು, ಹೊಸನಗರದವರಿಗೆ ತಿಳಿಸಲು ಹೇಳಿದ್ದಾರೆ. ನಿನ್ನೆ ಸಂಜೆ ಮಗಳಿಗೆ ಜಗುಲಿಯ ಮೇಲೆ ಅಕ್ಕಿಕಾಳಿನಷ್ಟು ದೊಡ್ಡ ಬಿಳಿಯ ಹಲ್ಲೊಂದು ಸಿಕ್ಕಿತು. ಅದನ್ನು ಬೆಂಕಿಪೊಟ್ಟಣದಲ್ಲಿ ಹತ್ತಿಯ ಮೇಲೆ ಇಟ್ಟುಕೊಂಡಿದ್ದಾಳೆ.